ಹೆರಿಗೆ ಎಲ್ಲಿ ಆಗಬೇಕು? ಹೊಟ್ಟೆಯಲ್ಲೇ ಪತ್ತೆಯಾದ ಹೃದಯದೋಷದ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸೋಮವಾರಪೇಟೆ ಕಡೆಯ ಕಾಫಿ ತೋಟದ ಲೈನ್‌ಮನೆಯ ದಂಪತಿ. ಆಕೆ ಚೊಚ್ಚಲ ಬಸುರಿ. 20ನೇ ವಾರದ ಅನಾಮಲಿ ಸ್ಕ್ಯಾನ್‌ನಲ್ಲಿ (ಮಗುವಿನ ಅಂಗಾಂಗಗಳ ದೋಷ ಹುಡುಕುವ ಸ್ಕ್ಯಾನ್) ಮಗುವಿನ ಹೃದಯದ ನಾಲ್ಕು ಕೋಣೆಗಳೂ ಸರಿಯಾಗಿಯೇ ಕಂಡವು. ವೈದ್ಯರು ಅಷ್ಟಕ್ಕೇ ಬಿಡದೆ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳನ್ನೂ ನೋಡಿದರು. ಒಂದನ್ನೊಂದು ಅಡ್ಡ ಹಾಯಬೇಕಾದ ಅವು ಪಕ್ಕಪಕ್ಕದಲ್ಲೇ ನೇರವಾಗಿ ಸಾಗಿದ್ದವು. ಮೈಸೂರಿನ ಫೀಟಲ್ ಎಕೋದಲ್ಲಿ (ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್) ಖಚಿತವಾಯಿತು: ಮಹಾಧಮನಿ ಬಲಗಡೆಯ ಕೆಳಕೋಣೆಯಿಂದ, ಶ್ವಾಸಕೋಶದ ಧಮನಿ ಎಡಗಡೆಯದರಿಂದ ಹೊರಟು ಅದಲುಬದಲಾಗಿವೆ. ವೈದ್ಯರು ಟಿಜಿಎ ಎನ್ನುವ ದೋಷ ಇದು. ನಾಲ್ಕು ಕೋಣೆ ಮಾತ್ರ ನೋಡಿ ‘ನಾರ್ಮಲ್’ ಎಂದು ಬರೆದುಬಿಟ್ಟರೆ ಕೈತಪ್ಪುವುದು ಇಂಥದ್ದೇ.

ಅತ್ತೆಯ ಮೊದಲ ಮಾತು: “ಗ್ರಹಣದ ದಿನ ಹೊರಗೆ ಹೋಗ್ಬೇಡ ಅಂದ್ರೆ ಕೇಳಿದ್ಲಾ ಇವಳು?”

“ಅಮ್ಮಾ, ಹೃದಯ ರೂಪುಗೊಳ್ಳೋದು ಮೊದಲ ಎರಡು ತಿಂಗಳಲ್ಲೇ. ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಏನಾದ್ರೂ ಹೃದಯದೋಷ ಇರುತ್ತೆ. ನಿಮ್ಮ ಸೊಸೆ ಹೊರಗೆ ಹೋಗಿದ್ದಕ್ಕೆ ಬಂದಿದ್ದಲ್ಲ ಇದು.” ಸೊಸೆಯ ಎದುರಿಗೇ ನಾನು ಇದನ್ನು ಹೇಳಿದ್ದು ಬೇಕೆಂದೇ.

ಗರ್ಭಪಾತದ ಬಗ್ಗೆ ಅವರು ಕೇಳದಿದ್ದರೂ ತಿಳಿಸಬೇಕಿತ್ತು. 24 ವಾರದೊಳಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಅದು ದಾಟಿದರೆ ಮೆಡಿಕಲ್ ಬೋರ್ಡ್ ತೀರ್ಮಾನಿಸಬೇಕು. ಆದರೆ ಒಳ್ಳೆಯ ಕೇಂದ್ರಗಳಲ್ಲಿ ಈ ದೋಷದ ಶಸ್ತ್ರಚಿಕಿತ್ಸೆಯಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ಯೋಚಿಸಿ, ಮುಂದುವರಿಸುತ್ತೇವೆ ಎಂದರು.

ಗಂಡನ ಪ್ರಶ್ನೆ ಬೇರೆಯೇ ಇತ್ತು. “ಮಡಿಕೇರೀಲೇ ಹೆರಿಗೆ ಆಗ್ಲಿ ಮೇಡಂ. ತೊಂದ್ರೆ ಆದ್ರೆ ಆಂಬುಲೆನ್ಸಲ್ಲಿ ಕರ್ಕೊಂಡ್ ಹೋದ್ರೆ ಆಗಲ್ವಾ?”

ಹೊಟ್ಟೆಯಲ್ಲಿರುವಷ್ಟು ದಿನ ಮಾಸಿನಿಂದ ಆಮ್ಲಜನಕ ಸಿಗುವುದರಿಂದ ಮಗು ಚೆನ್ನಾಗಿರುತ್ತದೆ. ಹುಟ್ಟಿದ ಮೇಲೆ ಶ್ವಾಸಕೋಶದಿಂದ ಬಂದ ಕೆಂಪು ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ, ಮೈಯ ನೀಲಿ ರಕ್ತ ಮತ್ತೆ ಮೈಗೇ. ಇವೆರಡು ಬೆರೆಯಲು ಮುಖ್ಯವಾಗಿ ಇರುವುದು ಮೇಲಿನ ಕೋಣೆಗಳ ನಡುವಿನ ಕಿಂಡಿ ಮತ್ತು ಡಕ್ಟಸ್ ಎಂಬ ನಾಳ. ಕಿಂಡಿ ಚಿಕ್ಕದಿದ್ದರೆ ಕೆಲವೇ ಗಂಟೆಗಳಲ್ಲಿ ಮಗು ನೀಲಿಗಟ್ಟುತ್ತದೆ, ಆಮ್ಲಜನಕ ಕೊಟ್ಟರೂ ರಕ್ತದಲ್ಲಿ ಅದರ ಮಟ್ಟ ಏರುವುದಿಲ್ಲ. ಡಕ್ಟಸ್ ಮುಚ್ಚದಂತೆ ಪ್ರೋಸ್ಟಾಗ್ಲಾಂಡಿನ್ ಡ್ರಿಪ್ ಬೇಕು. ಆ ಔಷಧಿಯೇ ಮಗುವಿನ ಉಸಿರು ನಿಲ್ಲಿಸಬಹುದು, ಹಾಗಾಗಿ ವೆಂಟಿಲೇಟರ್ ಪಕ್ಕದಲ್ಲೇ ಇರಬೇಕು. ಕಿಂಡಿ ಸಾಲದಿದ್ದರೆ ಕ್ಯಾತಿಟರ್ ಎಂಬ ಸಣ್ಣ ಕೊಳವೆಯಲ್ಲಿ ಬಲೂನ್ ಕಳಿಸಿ ಹಿಗ್ಗಿಸಬೇಕು. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಇವರ ತಾರೀಖು ಬಿದ್ದಿದ್ದು ಜುಲೈ ಮಳೆಯಲ್ಲಿ.

1999ರ ಪ್ಯಾರಿಸ್ ಅಧ್ಯಯನದಲ್ಲಿ, ಹುಟ್ಟಿದ ಮೇಲೆ ಟಿಜಿಎ ಗೊತ್ತಾದ 250 ಶಿಶುಗಳಲ್ಲಿ 15 ಶಸ್ತ್ರಚಿಕಿತ್ಸೆಗೆ ಮೊದಲೇ ತೀರಿಕೊಂಡವು. ಗರ್ಭದಲ್ಲೇ ಗೊತ್ತಾದ 68ರಲ್ಲಿ ಒಂದೂ ಇಲ್ಲ. ಎಲ್ಲ ಹೃದಯದೋಷಗಳಲ್ಲೂ ಇಷ್ಟು ಸ್ಪಷ್ಟ ಲಾಭ ಕಾಣುವುದಿಲ್ಲ. ತೀರಾ ಗಂಭೀರವಾದವೇ ಗರ್ಭದಲ್ಲಿ ಹೆಚ್ಚು ಪತ್ತೆಯಾಗುವುದು ಅದಕ್ಕೊಂದು ಕಾರಣ. ಟಿಜಿಎಯಲ್ಲಿ ಮಾತ್ರ ಹೆರಿಗೆಯ ಜಾಗವೇ ಅರ್ಧ ಚಿಕಿತ್ಸೆ.

ಕೊಟ್ಟ ಸಲಹೆ: 36 ವಾರ ತುಂಬುತ್ತಲೇ ಬೆಂಗಳೂರಿನ ನೆಂಟರ ಮನೆಗೆ ಹೋಗಿ ಇರುವುದು. ಹೆರಿಗೆ ವಾರ್ಡ್ ಮತ್ತು ಮಕ್ಕಳ ಹೃದಯ ವಿಭಾಗ ಒಂದೇ ಆವರಣದಲ್ಲಿರುವ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸುವುದು. ಸಿಸೇರಿಯನ್ ಆಗಲೇಬೇಕೆಂದಿಲ್ಲ, 39 ವಾರದ ಸಹಜ ಹೆರಿಗೆ ಒಳ್ಳೆಯದು. ಬಿಪಿಎಲ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಇರುವಂತೆ ಈಗಲೇ ತಿದ್ದಿಸಿಕೊಳ್ಳುವುದು. ಸರ್ಕಾರಿ ಆರೋಗ್ಯ ಯೋಜನೆಯ ಮಂಜೂರಾತಿ ಅಕ್ಷರ ವ್ಯತ್ಯಾಸಕ್ಕೇ ತಡವಾಗುವುದುಂಟು. ಎಕೋ ವರದಿಯ ಪ್ರತಿಯನ್ನು ತಾಯಿ ಕಾರ್ಡಿನೊಳಗೇ ಇಡುವುದು. ನೋವು ಬೇಗ ಬಂದರೆ ಘಾಟಿ ಇಳಿಯುವ ಸಾಹಸ ಬೇಡ, ಮಡಿಕೇರಿಗೇ ಬಂದು ಆ ಪ್ರತಿ ತೋರಿಸುವುದು. ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಟಿಜಿಎ, ಪ್ರೋಸ್ಟಾಗ್ಲಾಂಡಿನ್ ಸಿದ್ಧವಿರಲಿ’ ಎಂದು ಬರೆಸಿ, ಹೃದಯ ವಿಭಾಗದ ಫೋನ್ ನಂಬರನ್ನೂ ಸೇರಿಸಲಾಯಿತು.

39ನೇ ವಾರದಲ್ಲಿ ಬೆಂಗಳೂರಿನಲ್ಲೇ ಸಹಜ ಹೆರಿಗೆಯಾಯಿತು. ಮಗುವಿನ ರಕ್ತದ ಆಮ್ಲಜನಕದ ಮಟ್ಟ ಶೇ 62ಕ್ಕೆ ಇಳಿದಿತ್ತು. ಅದೇ ದಿನ ಬಲೂನ್, ಒಂಬತ್ತನೇ ದಿನ ಧಮನಿಗಳನ್ನು ಅದಲುಬದಲು ಮಾಡುವ ಶಸ್ತ್ರಚಿಕಿತ್ಸೆ. ಎರಡು ಮೂರು ವಾರ ಮೀರಿದರೆ, ಕಡಿಮೆ ಒತ್ತಡಕ್ಕೆ ಒಗ್ಗಿದ ಎಡಕೋಣೆ ಸೊರಗಿ ಮೈಗೆಲ್ಲ ರಕ್ತ ದೂಡಲಾರದೆ ಹೋಗಬಹುದು.

ಮುಂದಿನ ಬಸಿರಿನಲ್ಲಿ 18ರಿಂದ 22ನೇ ವಾರದೊಳಗೆ ಫೀಟಲ್ ಎಕೋ ಮಾಡಿಸಬೇಕೆಂದು ಈಗಲೇ ತಾಯಿ ಕಾರ್ಡಿನಲ್ಲಿ ಬರೆಸಿದೆ.