ಬೆಂಗಳೂರು ಇರುವಾಗ ಮಂಗಳೂರಿಗೂ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಯಾಕೆ ಬೇಕು?

ಒಂದೇ ಮಾತಲ್ಲಿ ಹೇಳಬೇಕೆಂದರೆ, ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿ ಜನರಿಗಾಗಿ. ದಕ್ಷಿಣ ಕನ್ನಡ, ಉಡುಪಿ, ಪಕ್ಕದ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ದುಬೈಯಲ್ಲೋ ಅಬುಧಾಬಿಯಲ್ಲೋ ಇರುತ್ತಾರೆ. ಬೆಂಗಳೂರಿಗೆ ಹೋಗಿ ವಿಮಾನ ಹತ್ತಬೇಕೆಂದರೆ ಸುಮಾರು 350 ಕಿ.ಮೀ. ದೂರ, ಅದೂ ಘಟ್ಟ ಹತ್ತಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಮುಗೀತು.

ಬಜ್ಪೆಯ ಈ ನಿಲ್ದಾಣ ಶುರುವಾಗಿದ್ದು 1951ರಲ್ಲಿ. ದುಬೈಗೆ ನೇರ ವಿಮಾನ ಬಂದಿದ್ದು ಮಾತ್ರ 2006ರಲ್ಲಿ. ಅದಕ್ಕೂ ಮುಂಚೆ ಮುಂಬೈ ಸುತ್ತಿ ಹೋಗುವವರೇ ಜಾಸ್ತಿ. ಈಗ ಹೊರಬರುವ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರು, ಅಪ್ಪನ ಗುರುತು ಸಿಗದೆ ಅಮ್ಮನ ಹಿಂದೆ ಅಡಗುವ ಮಗು. ನನಗಂತೂ ಗಂಟಲು ಕಟ್ಟುತ್ತದೆ.

ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಅದಕ್ಕೇ ಟೇಬಲ್‌ಟಾಪ್ ಅನ್ನುತ್ತಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ದೊಡ್ಡ ವಿಮಾನಗಳು ಬರಬೇಕಾದರೆ ರನ್‌ವೇ ಉದ್ದವಾಗಬೇಕು. ಸುತ್ತ ಇಳಿಜಾರು ಇರುವುದರಿಂದ ಅದು ಸುಲಭದ ಕೆಲಸ ಅಲ್ಲ.