ಬಿಚ್ಚಲು ಬಿಡುವಿರುವವರ ಹೊಲಿಗೆ

ಓದುಗರ ಪತ್ರ (ಸಂಕ್ಷಿಪ್ತವಾಗಿ): “ಒಂದೂವರೆ ವರ್ಷದಿಂದ ನನ್ನ ಉಡುಪನ್ನು ನಾನೇ ಹೊಲಿದುಕೊಳ್ಳುವ, ಹೆಣೆದುಕೊಳ್ಳುವ ಹವ್ಯಾಸಕ್ಕೆ ಬಿದ್ದಿದ್ದೇನೆ. ಇದುವರೆಗೆ ಮೂರು ಹತ್ತಿಯ ಅಂಗಿಗಳೂ ಒಂದು ಉಣ್ಣೆಯ ಸ್ವೆಟರೂ ಆಗಿವೆ. ಮೊದಲ ಅಂಗಿ ತೊಟ್ಟು ಕೈ ಎತ್ತಿದರೆ ಇಡೀ ಅಂಗಿಯೇ ಮೇಲಕ್ಕೆ ಬರುತ್ತಿತ್ತು. ಸಡಿಲವಾಗಲೆಂದು ಎರಡನೆಯದರಲ್ಲಿ ಕಂಕುಳನ್ನು ಇನ್ನಷ್ಟು ಕೆಳಗೆ ಕತ್ತರಿಸಿದೆ, ತೊಂದರೆ ಹೆಚ್ಚಿತು. ಮೂರನೆಯದರ ಪಕ್ಕದ ಹೊಲಿಗೆ ಒಂದೇ ಒಗೆತಕ್ಕೆ ಹೊಟ್ಟೆಯ ಕಡೆಗೆ ತಿರುಗಿಕೊಂಡಿತು. ಸ್ವೆಟರನ್ನು ಪ್ಯಾಟರ್ನಿನಲ್ಲಿ ಹೇಳಿದಷ್ಟೇ ಕುಣಿಕೆ ಎಣಿಸಿ ಹೆಣೆದರೂ ಮೈಮೇಲೆ ಜೋತಾಡುತ್ತದೆ. ಹಿಗ್ಗುವ ಬಟ್ಟೆ ಹಾಕಿದರೆ ಮೆಷಿನ್ ನಡುನಡುವೆ ಹೊಲಿಗೆ ಹಾಕದೆ ಬಿಡುತ್ತದೆ. ಇದೇ ದುಡ್ಡಿಗೆ ಎರಡು ರೆಡಿಮೇಡ್ ಬರುತ್ತಿತ್ತಲ್ಲ ಎಂದು ಮನೆಯವರು ನಗುತ್ತಾರೆ. ನನ್ನ ಕೈಗೆ ಈ ಕೆಲಸ ಒಗ್ಗದೇ? ಬಿಟ್ಟುಬಿಡಲೇ?”

ಸಂಪಾದಕರ ಉತ್ತರ:

ಮಾನ್ಯರೇ, ಮನೆಯವರ ಮಾತನ್ನೇ ಮೊದಲು ಮುಗಿಸಿಬಿಡೋಣ, ಏಕೆಂದರೆ ಅವರು ಹೇಳುವುದು ನಿಜ. ಬಟ್ಟೆ, ದಾರ, ಗುಂಡಿ, ಉಣ್ಣೆ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಂಡು, ಅದರ ಮೇಲೆ ಹತ್ತಾರು ಗಂಟೆಗಳ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದರೆ ಮನೆಯಲ್ಲಿ ಹೊಲಿದ ಅಂಗಿ ಅಗ್ಗವಾಗುವುದು ಅಪರೂಪ. ಉಳಿತಾಯವಾಗುತ್ತದೆ ಎಂದು ವಾದಿಸಲು ಹೊರಟವರು ಸಾಮಾನ್ಯವಾಗಿ ತಮ್ಮ ಹೊತ್ತಿನ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡಿರುತ್ತಾರೆ. ಆ ವಾದಕ್ಕೆ ನೀವು ಇಳಿಯಬೇಡಿ, ಸೋಲುತ್ತೀರಿ. ಆದರೆ ಅವರ ನಗುವಿನ ಹಿಂದೆ ಇನ್ನೊಂದು ತಿಳಿವಳಿಕೆ ಇದ್ದಂತಿದೆ, ಅದು ಮಾತ್ರ ತಪ್ಪು. ರೆಡಿಮೇಡ್ ಉಡುಪನ್ನು ಯಂತ್ರ ಮಾಡುತ್ತದೆ, ನಿಮ್ಮದನ್ನು ಕೈ ಮಾಡುತ್ತದೆ ಎಂಬ ಭಾವನೆ ಅದು. ಬಟ್ಟೆ ಮೆತ್ತನೆಯ ವಸ್ತು. ಸೂಜಿಯ ಕೆಳಗೆ ಅದು ಜಾರುತ್ತದೆ, ಹಿಗ್ಗುತ್ತದೆ, ಮಡಚಿಕೊಳ್ಳುತ್ತದೆ. ಹೀಗಾಗಿ ಕಾರ್ಖಾನೆಯಲ್ಲೂ ಬಹುಪಾಲು ಉಡುಪುಗಳನ್ನು ಇಂದಿಗೂ ಮನುಷ್ಯರೇ ಮೆಷಿನ್ ಮುಂದೆ ಕುಳಿತು, ಕೈಯಿಂದ ಬಟ್ಟೆಯನ್ನು ನಡೆಸುತ್ತಾ ಹೊಲಿಯುತ್ತಾರೆ. ಒಬ್ಬರು ದಿನವಿಡೀ ಕಾಲರ್ ಮಾತ್ರ, ಇನ್ನೊಬ್ಬರು ತೋಳು ಮಾತ್ರ. ಕೈಗಳು ಅಲ್ಲೂ ಇವೆ, ಇಲ್ಲೂ ಇವೆ. ಅವರಿಗಿಲ್ಲದೆ ನಿಮಗಿರುವುದು ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವ ಬಿಡುವು. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಆ ಬಿಡುವನ್ನು ನೀವು ಬಳಸಿಕೊಂಡೇ ಇಲ್ಲ.

ಹೊಲಿಗೆ ಯಂತ್ರ ಹುಟ್ಟಿದ್ದೇ ಅವಸರಕ್ಕಾಗಿ. ಫ್ರಾನ್ಸಿನ ಬಾರ್ಥೆಲೆಮಿ ತಿಮೊನಿಯೆ 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದು ಸೈನ್ಯಕ್ಕೆ ಸಮವಸ್ತ್ರ ಹೊಲಿಸಲು ತೊಡಗಿದಾಗ, ಹೊಟ್ಟೆಪಾಡಿಗೆ ಹೆದರಿದ ದರ್ಜಿಗಳು ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಹೆಣೆದುಕೊಳ್ಳುವ ಹೊಲಿಗೆಗೆ ಎಲಿಯಾಸ್ ಹೋವ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ನಿಮ್ಮ ಮೇಜಿನ ಮೇಲಿರುವ ಮೆಷಿನ್ ಕೂಡ ಅದೇ ಹೊಲಿಗೆಯನ್ನು ಹಾಕುತ್ತದೆ. ಯಂತ್ರ ಮನೆಯೊಳಗೆ ಬಂದಾಗ ಅದರ ಅವಸರವೂ ಜೊತೆಗೆ ಬಂತೆಂದು ಕಾಣುತ್ತದೆ. ಒಂದೇ ಭಾನುವಾರದಲ್ಲಿ ಕತ್ತರಿಸಿ, ಹೊಲಿದು, ಸಂಜೆಗೆ ತೊಟ್ಟುಬಿಡಬೇಕೆಂಬ ಹಟ ನನ್ನಲ್ಲೂ ಬಹಳ ಕಾಲ ಇತ್ತು. ಅದರ ಫಲವಾಗಿ ನಾನು ಹೊಲಿದ ಮೊದಲ ಅಂಗಿಗೆ ಎರಡೂ ಎಡತೋಳುಗಳೇ ಆಗಿದ್ದವು. ಬಟ್ಟೆಗೆ ಒಳಮೈ, ಹೊರಮೈ ಎಂಬುದಿದೆ, ಎರಡನೆಯ ತೋಳನ್ನು ಕತ್ತರಿಸುವಾಗ ನಮೂನೆಯ ಕಾಗದವನ್ನು ಮಗುಚಿ ಇಡಬೇಕು ಎಂಬುದು ನೆನಪಾದದ್ದು ಕತ್ತರಿ ಕೆಳಗಿಟ್ಟ ಮೇಲೆ.

ಈಗ ನಿಮ್ಮ ಮೊದಲ ಎರಡು ಅಂಗಿಗಳ ವಿಷಯ. ಕಂಕುಳನ್ನು ಇಳಿಸಿದರೆ ಕೈಗೆ ಸಲೀಸಾಗುತ್ತದೆ ಎಂದು ಎಲ್ಲರಿಗೂ ತೋರುತ್ತದೆ, ಆದರೆ ಆಗುವುದು ಇದಕ್ಕೆ ತೀರ ವಿರುದ್ಧ. ಅಂಗಿಯ ಕೆಳಅಂಚಿನಿಂದ ಕಂಕುಳವರೆಗೆ ಬರುವ ಪಕ್ಕದ ಹೊಲಿಗೆ, ಅಲ್ಲಿಂದ ಮಣಿಕಟ್ಟಿನವರೆಗೆ ಹೋಗುವ ತೋಳಿನ ಒಳಹೊಲಿಗೆ, ಇವೆರಡನ್ನೂ ಒಂದೇ ಗೆರೆಯೆಂದು ಭಾವಿಸಿಕೊಳ್ಳಿ. ಕೈ ಎತ್ತಿದಾಗ ಮೈಯ ಆ ಭಾಗ ಉದ್ದಕ್ಕೆ ಹಿಗ್ಗುತ್ತದೆ, ಬಟ್ಟೆಯೂ ಅಷ್ಟು ಉದ್ದ ಕೊಡಬೇಕು. ಕಂಕುಳನ್ನು 3 ಸೆಂ.ಮೀ. ಇಳಿಸಿದಿರೆಂದರೆ ಪಕ್ಕದ ಹೊಲಿಗೆಯಲ್ಲಿ 3 ಸೆಂ.ಮೀ. ಕಳೆದಿರಿ, ದೊಡ್ಡದಾದ ಆ ಕಂಕುಳ ಸುತ್ತಳತೆಗೆ ಹೊಂದಿಸಲು ತೋಳಿನ ಮೇಲ್ತುದಿಯ ಏರನ್ನೂ, ಅಂದರೆ ಭುಜಕ್ಕೆ ಸೇರುವ ಬಾಗಿದ ಭಾಗವನ್ನೂ, ಎತ್ತರಿಸಿದ್ದರೆ ಒಳಹೊಲಿಗೆಯಲ್ಲೂ ಒಂದಿಷ್ಟು ಹೋಯಿತು. ಹೋದ ಉದ್ದಕ್ಕಾಗಿ ಕೈ ಅಂಗಿಯನ್ನೇ ಎಳೆಯುತ್ತದೆ, ಅಂಗಿ ಮೇಲಕ್ಕೆ ಬರುತ್ತದೆ. ಆದ್ದರಿಂದ ನಾಲ್ಕನೆಯ ಅಂಗಿಯಲ್ಲಿ ಕಂಕುಳ ಹೊಲಿಗೆಯನ್ನು ಮೈಯಿಂದ ಎರಡು ಬೆರಳಿನಷ್ಟು ಮಾತ್ರ ಕೆಳಗಿಡಿ, ತೋಳಿನ ಏರನ್ನು ತಗ್ಗಿಸಿ ತೋಳನ್ನು ಅಗಲ ಮಾಡಿ. ಕೈ ಇಳಿಬಿಟ್ಟಾಗ ಕಂಕುಳ ಬಳಿ ಒಂದೆರಡು ನೆರಿಗೆ ಬೀಳುತ್ತವೆ. ಅವು ದೋಷವಲ್ಲ, ಎತ್ತುವ ಕೈಗೆಂದು ಕೂಡಿಟ್ಟ ಬಟ್ಟೆ. ಕೈ ಎತ್ತದೆ ನಿಲ್ಲುವುದಕ್ಕಾಗಿಯೇ ಹೊಲಿದ ಬಿಗಿ ಕೋಟಿನಲ್ಲಿ ಆ ನೆರಿಗೆ ಇರುವುದಿಲ್ಲ, ಕೆಲಸಕ್ಕೆ ತೊಡುವ ಅಂಗಿಯಲ್ಲಿ ಇರಲೇಬೇಕು.

ಹಾಳಾಯಿತೆಂದು ಮಡಚಿಟ್ಟ ಆ ಎರಡು ಅಂಗಿಗಳನ್ನೂ ಉಳಿಸಿಕೊಳ್ಳಬಹುದು. ಕಂಕುಳಲ್ಲಿ ನಾಲ್ಕೂ ಹೊಲಿಗೆಗಳು ಕೂಡುವ ಜಾಗವನ್ನು ಅಂಗೈಯಗಲ ಬಿಚ್ಚಿ, ಅಲ್ಲಿಗೆ ಒಂದು ಚೌಕದ ತುಂಡನ್ನು ಮೂಲೆ ಮೇಲಾಗಿ ಕೂರಿಸಿ ಹೊಲಿಯಿರಿ. ಯುರೋಪಿನ ಹಳೆಯ ಕಾಲದ ಅಂಗಿಗಳಲ್ಲಿ ಬಹುಪಾಲು ಹೀಗೆಯೇ ಇದ್ದವು: ಮೈಗೆ ಉದ್ದನೆಯ ಆಯತ, ತೋಳಿಗೆ ಆಯತ, ಕಂಕುಳಿಗೆ ಚೌಕ. ಒಂದು ಗೇಣು ಬಟ್ಟೆಯೂ ವ್ಯರ್ಥವಾಗುತ್ತಿರಲಿಲ್ಲ, ಕೈಯೂ ಸಲೀಸಾಗಿ ಏಳುತ್ತಿತ್ತು.

ಮೂರನೆಯ ಅಂಗಿಯ ಹೊಲಿಗೆ ತಿರುಗಿದ್ದು ಹೊಲಿಗೆಯ ತಪ್ಪಿನಿಂದಲ್ಲ. ನೇಯ್ದ ಬಟ್ಟೆಯಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಓಡುವ, ಎಳೆಗಳು ಮಗ್ಗದ ಮೇಲೆ ಬಿಗಿಯಾಗಿ ನಿಂತಿದ್ದವು, ಆದ್ದರಿಂದ ಉದ್ದಕ್ಕೆ ಬಟ್ಟೆ ಕಡಿಮೆ ಹಿಗ್ಗುತ್ತದೆ; ಹೊಕ್ಕಿನ, ಅಂದರೆ ಅಡ್ಡ ಎಳೆಗಳ, ದಿಕ್ಕಿಗೆ ತುಸು ಹೆಚ್ಚು, ಓರೆಗೆ, ಅಂದರೆ 45 ಡಿಗ್ರಿಯಲ್ಲಿ, ಎಲ್ಲಕ್ಕಿಂತ ಹೆಚ್ಚು. ಈ ಓರೆಯ ಹಿಗ್ಗನ್ನೇ ನೆಚ್ಚಿಕೊಂಡು ಪ್ಯಾರಿಸಿನ ಉಡುಪು ವಿನ್ಯಾಸಕಿ ಮಾಡ್ಲೀನ್ ವಿಯೊನೆ 1920ರ ದಶಕದಲ್ಲಿ ಮೈಗೆ ನೀರಿನಂತೆ ಇಳಿಯುವ ಉಡುಪುಗಳನ್ನು ಕತ್ತರಿಸಿದ್ದು. ಆದರೆ ಬೇಕೆಂದು ಓರೆಯಾಗಿ ಕತ್ತರಿಸುವುದು ಬೇರೆ, ತಿಳಿಯದೆ ಸ್ವಲ್ಪ ವಾಲಿಸಿ ಕತ್ತರಿಸುವುದು ಬೇರೆ. ಸುರುಳಿ ಸುತ್ತುವಾಗ, ಗಂಜಿ ಹಾಕುವಾಗ ಬಟ್ಟೆಯ ಹೊಕ್ಕು ಒಂದು ಕಡೆಗೆ ಜಗ್ಗಿಕೊಂಡಿರುತ್ತದೆ. ಅಂಗಡಿಯಲ್ಲಿ ಚೊಕ್ಕವಾಗಿ ಕಂಡದ್ದು ಮೊದಲ ನೀರಿಗೆ ತನ್ನ ಸಹಜ ಸ್ಥಿತಿಗೆ ಮರಳುತ್ತದೆ, ಜೊತೆಗೆ ನಿಮ್ಮ ಹೊಲಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಉಡುಪನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಮ್ಮೆ ಒಗೆದು ಒಣಗಿಸಿ. ಆಮೇಲೆ ಅಂಚಿನ ಬಳಿ ಸಣ್ಣ ಕಚ್ಚು ಹಾಕಿ, ಹೊಕ್ಕಿನ ಒಂದೇ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಬಟ್ಟೆ ಸುಕ್ಕುಗಟ್ಟುತ್ತಾ ಬಂದು, ಎಳೆ ಹೊರಬಿದ್ದಲ್ಲಿ ಕೂದಲಿನಷ್ಟು ಸಣ್ಣ ದಾರಿ ಕಾಣುತ್ತದೆ. ಆ ದಾರಿಯ ಮೇಲೆ ಕತ್ತರಿಸಿದರೆ ಬಟ್ಟೆಯ ತುದಿ ನೇರ. ಈಗ ಅಂಚಿಗೆ ಅಂಚು ಸೇರಿಸಿ ಮಡಚಿ. ಮೂಲೆಗಳು ಕೂಡಲಿಲ್ಲವೆಂದರೆ ಬಟ್ಟೆ ವಾಲಿದೆ ಎಂದರ್ಥ, ತೇವ ಮಾಡಿ ಗಿಡ್ಡವಾದ ಮೂಲೆಗಳನ್ನು ಹಿಡಿದು ಓರೆಯಾಗಿ ಜಗ್ಗಿ, ಇಸ್ತ್ರಿ ಮಾಡಿ ಸರಿಪಡಿಸಿಕೊಳ್ಳಿ. ಇದಕ್ಕೆ ಒಂದು ಸಂಜೆ ಬೇಕು. ಸಂಜೆಯ ಕೊನೆಗೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಮನೆಯವರು ಇನ್ನೊಮ್ಮೆ ನಕ್ಕಾರು.

ಪ್ಯಾಟರ್ನಿನ ಬಗ್ಗೆ ಒಂದು ಮಾತು. ಅಮೆರಿಕದ ಎಬೆನೆಜರ್ ಬಟರಿಕ್ ಎಂಬ ದರ್ಜಿ ಬೇರೆಬೇರೆ ಅಳತೆಗಳಲ್ಲಿ ಕಾಗದದ ನಮೂನೆಗಳನ್ನು ಮಾರಲು ಶುರುಮಾಡಿದ್ದು 1863ರಲ್ಲಿ. ಅದು ಮನೆಹೊಲಿಗೆಗೆ ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಆ ಕಾಗದವನ್ನು ಬರೆದದ್ದು ಊಹಿಸಿಕೊಂಡ ಒಂದು ದೇಹಕ್ಕೆ, ನಿಮ್ಮನ್ನು ನಿಲ್ಲಿಸಿ ಅಳೆದಲ್ಲ. ಎದೆಯ ಅಳತೆ ಕೂಡಿದವರ ಭುಜದ ಇಳಿಜಾರು, ಬೆನ್ನಿನ ಉದ್ದ ಕೂಡಬೇಕೆಂದಿಲ್ಲ. ಹಾಗಾಗಿ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಒಂದು ಹಳೆಯ ಬೆಡ್‌ಶೀಟಿನಲ್ಲಿ ಅಂಗಿಯನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ, ತೊಟ್ಟು, ಕೈ ಎತ್ತಿ, ಬಗ್ಗಿ, ಕುಳಿತು ನೋಡಿ. ಎಲ್ಲಿ ಎಳೆಯುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಕಾಗದವನ್ನು ತಿದ್ದಿಕೊಳ್ಳಿ.

ಸ್ವೆಟರಿನ ವಿಷಯಕ್ಕೆ ಬಂದರೆ, ನಿಮ್ಮ ಪತ್ರದಲ್ಲಿ ಕುಣಿಕೆಗಳ ಎಣಿಕೆ ಇದೆ, ಕಡ್ಡಿಯ ಸೈಜ್ ಇದೆ, ಉಣ್ಣೆಯ ಬಣ್ಣವೂ ಇದೆ. ಮಾದರಿ ತುಂಡು ಹೆಣೆದು ಅಳೆದ ಮಾತು ಮಾತ್ರ ಇಲ್ಲ. ಒಂದು ಸುತ್ತಿನಲ್ಲಿ 220 ಕುಣಿಕೆ ಎಂದು ಪ್ಯಾಟರ್ನ್ ಹೇಳಿದ್ದು 10 ಸೆಂ.ಮೀ.ಗೆ 22 ಕುಣಿಕೆ ಬೀಳುವ ಕೈಗೆ, ಎಂದು ನೀವೇ ಕಳಿಸಿದ ಪ್ರತಿಯಲ್ಲಿ ಅಚ್ಚಾಗಿದೆ. ಆ ಕೈಗೆ ಸುತ್ತಳತೆ 100 ಸೆಂ.ಮೀ. ಬರುತ್ತದೆ. ನಿಮ್ಮ ಕೈ ತುಸು ಸಡಿಲವಾಗಿ 10 ಸೆಂ.ಮೀ.ಗೆ 20 ಕುಣಿಕೆ ಹಾಕುತ್ತದೆ ಎಂದಿಟ್ಟುಕೊಳ್ಳಿ, ಅದೇ 220 ಕುಣಿಕೆ 110 ಸೆಂ.ಮೀ. ಆಗುತ್ತದೆ. ಎಣಿಕೆಯಲ್ಲಿ ನೀವು ಒಂದು ಕುಣಿಕೆಯೂ ತಪ್ಪಿಲ್ಲ, ಆದರೂ 10 ಸೆಂ.ಮೀ. ಹೆಚ್ಚು. ಅಂಗೈಯಗಲದ ತುಂಡನ್ನು ಅಳೆದರೆ ಸಾಲದು. ಅಂಚಿನ ಕುಣಿಕೆಗಳು ಸುರುಳಿಕೊಂಡು ಮೋಸ ಮಾಡುತ್ತವೆ. 15 ಸೆಂ.ಮೀ.ಗಿಂತ ದೊಡ್ಡ ಚೌಕ ಹೆಣೆದು, ಸ್ವೆಟರನ್ನು ಒಗೆಯುವಂತೆಯೇ ಒಗೆದು, ಜಗ್ಗದೆ ಹಾಸಿ ಒಣಗಿಸಿ, ನಡುವಿನ 10 ಸೆಂ.ಮೀ.ಯನ್ನು ಎಣಿಸಿ. ಕುಣಿಕೆ ಕಡಿಮೆ ಬಂದರೆ ಒಂದು ನಂಬರ್ ಸಣ್ಣ ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ. ಕೈಯನ್ನು ಬಿಗಿ ಮಾಡಲು ಹೋಗಬೇಡಿ; ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅದು ತನ್ನ ಹಳೆಯ ಚಾಳಿಗೆ ಮರಳುತ್ತದೆ. ಸೀದಾ ಕುಣಿಕೆಗಿಂತ ಉಲ್ಟಾ ಕುಣಿಕೆ ಅನೇಕರ ಕೈಯಲ್ಲಿ ಸಡಿಲವಾಗಿ ಬೀಳುತ್ತದೆ, ಸುತ್ತಾಗಿ ಹೆಣೆದಾಗಲಾದರೆ ಬಹುಮಟ್ಟಿಗೆ ಸೀದಾ ಕುಣಿಕೆಗಳೇ ಬರುತ್ತವೆ, ಹಾಗಾಗಿ ಸುತ್ತಾಗಿ ಹೆಣೆಯುವ ಸ್ವೆಟರಿಗೆ ಮಾದರಿಯನ್ನೂ ಸುತ್ತಾಗಿಯೇ ಹೆಣೆಯುವುದು ಒಳ್ಳೆಯದು.

ಮೆಷಿನ್ ಹೊಲಿಗೆ ಬಿಡುವ ತೊಂದರೆಗೆ ಸೂಜಿ ಬದಲಿಸಿ. ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ, ಕೆಳದಾರ ಸುತ್ತಿದ ಬಾಬಿನ್ ಬಳಿಯ ಕೊಕ್ಕೆ ಅದನ್ನು ಹಿಡಿದರೆ ಹೊಲಿಗೆ ಬೀಳುತ್ತದೆ. ಹಿಗ್ಗುವ ಬಟ್ಟೆ ಸೂಜಿಗೆ ಅಂಟಿಕೊಂಡು ತಾನೂ ಮೇಲೇಳುವುದರಿಂದ ಆ ಕುಣಿಕೆ ಉಬ್ಬುವುದೇ ಇಲ್ಲ. ಅಂಥ ಬಟ್ಟೆಗೆಂದೇ ಗುಂಡು ಮೊನೆಯ ಸೂಜಿಗಳಿವೆ. ಅವು ಎಳೆಯನ್ನು ಚುಚ್ಚದೆ ಎಳೆಗಳ ನಡುವೆ ಜಾರಿಹೋಗುತ್ತವೆ. ಸೂಜಿಯ ಮೇಲಿನ 80 ಎಂದರೆ ಅದರ ದಪ್ಪ 0.8 ಮಿ.ಮೀ.; ತೆಳು ಬಟ್ಟೆಗೆ 70, ಅಂಗಿಯ ಬಟ್ಟೆಗೆ 80, ದಪ್ಪ ಬಟ್ಟೆಗೆ 90 ಅಥವಾ ಮೇಲೆ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾದರೆ ಬಾಬಿನನ್ನು ಬೈಯುವ ಮೊದಲು ಮೇಲಿನ ದಾರವನ್ನು ಮತ್ತೆ ಪೋಣಿಸಿ, ಪೋಣಿಸುವಾಗ ಬಟ್ಟೆಯನ್ನು ಒತ್ತುವ ಪಾದ ಮೇಲೆತ್ತಿರಲಿ. ಅದು ಕೆಳಗಿದ್ದರೆ ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ.

ಇನ್ನು ಬಿಟ್ಟುಬಿಡಲೇ ಎಂಬ ನಿಮ್ಮ ಪ್ರಶ್ನೆ. ನಾಲ್ಕು ಉಡುಪುಗಳಲ್ಲಿ ಎಲ್ಲಿಯೂ ನಿಮ್ಮ ಹೊಲಿಗೆ ಬಿಟ್ಟುಕೊಂಡಿಲ್ಲ, ಕುಣಿಕೆ ಜಾರಿಲ್ಲ, ಕಾಲರ್ ಡೊಂಕಾಗಿಲ್ಲ. ಇವೇ ಕೈಯ ಕೆಲಸಗಳು, ಇವೆಲ್ಲ ಸರಿಯಾಗಿವೆ. ಕೆಟ್ಟದ್ದು ಸೂಜಿ ಹಿಡಿಯುವ ಮೊದಲು ಆಗಬೇಕಾಗಿದ್ದ, ಆಗದೆ ಉಳಿದ ಕೆಲಸದಿಂದ. ಅದನ್ನು ಕಲಿಯಲು ನಿಮ್ಮ ಸ್ವೆಟರಿನಿಂದಲೇ ಶುರುಮಾಡಬಹುದು. ಕತ್ತರಿಸಿದ ಬಟ್ಟೆಯನ್ನು ಮತ್ತೆ ಕೂಡಿಸಲಾಗದು, ಹೆಣೆದದ್ದನ್ನಾದರೋ ಪೂರ್ತಿ ಬಿಚ್ಚಿ ಉಣ್ಣೆಯಾಗಿಯೇ ಮರಳಿ ಪಡೆಯಬಹುದು. ಜೋಡಿಸಿದ ಹೊಲಿಗೆಗಳಿದ್ದರೆ ಮೊದಲು ಅವನ್ನು ಬಿಡಿಸಿಕೊಳ್ಳಿ. ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಉಜ್ಜಬೇಡಿ, ಉಜ್ಜಿದರೆ ಉಣ್ಣೆ ಕಂಬಳಿಯಂತೆ ಗಟ್ಟಿಕೊಳ್ಳುತ್ತದೆ. ತೂಗುಹಾಕಿ ಒಣಗಿಸಿದರೆ ಸುರುಳಿಗಳು ಬಹುಮಟ್ಟಿಗೆ ನೇರವಾಗುತ್ತವೆ. ಅದರಲ್ಲೇ ಮೊದಲು ಮಾದರಿ ಚೌಕವನ್ನು ಹೆಣೆಯಿರಿ. ಮತ್ತು ಬಿಚ್ಚುವಾಗ ಹೆಣಿಗೆ ಮುಗಿಸಿದ ತುದಿಯಿಂದ ಹಿಡಿಯಿರಿ, ನೀವು ಕೆಳಗಿನಿಂದ ಹೆಣೆದಿರುವುದರಿಂದ ಅದು ಕುತ್ತಿಗೆಯ ಬಳಿ ಇರುತ್ತದೆ. ಕೆಳಅಂಚಿನಿಂದ ಹಿಡಿದರೆ ಒಂದೊಂದು ಕುಣಿಕೆಯಲ್ಲೂ ದಾರ ಸಿಕ್ಕಿಕೊಳ್ಳುತ್ತದೆ.