ನಾಲ್ಕೇ ದಿನಕ್ಕೆ ಮೊಡವೆ ಮಾಯ ಮಾಡುವ ಕ್ರೀಮ್

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮೊಡವೆಯವೇ. ಹೆಸರು ಬೇರೆ, ಪ್ರಶ್ನೆ ಅದೇ. ಹಾಗಾಗಿ ಒಂದಕ್ಕೆ ಸರಿಯಾಗಿ ಉತ್ತರ ಬರೆಯುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 22 ವರ್ಷ. ಮೊಡವೆಗೆ ಅಂತ ರಾತ್ರಿ ಹಚ್ಚಲು ಅಡಾಪಲೀನ್ ಜೆಲ್ ಬರೆದುಕೊಟ್ಟಿದ್ದರು. ಎರಡು ವಾರ ಹಚ್ಚಿದೆ. ಮೊಡವೆ ಇನ್ನೂ ಜಾಸ್ತಿಯಾಯಿತು, ಚರ್ಮ ಸುಲಿಯಿತು, ಬಿಟ್ಟುಬಿಟ್ಟೆ. ಆಮೇಲೆ ಗೆಳತಿ ತನ್ನ ಕ್ರೀಮ್ ಕೊಟ್ಟಳು. ನಾಲ್ಕೇ ದಿನಕ್ಕೆ ಮುಖ ತಿಳಿಯಾಯಿತು! ಆದರೆ ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ ಬರುತ್ತದೆ. ಅದನ್ನೇ ಮುಂದುವರಿಸಲಾ?

ಬೇಡ. ಮೊದಲು ಆ ಟ್ಯೂಬ್ ತಿರುಗಿಸಿ ಹಿಂದಿರುವ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್. ಇವುಗಳಲ್ಲಿ ಒಂದು ಹೆಸರು ಸಿಗುತ್ತದೆ ಅಂತ ನನ್ನ ಅನುಮಾನ. ಮೂರೂ ಸ್ಟೀರಾಯ್ಡ್. ಊತ ಇಳಿಸಿ, ರಕ್ತನಾಳ ಕುಗ್ಗಿಸುವುದು ಅದರ ಕೆಲಸ. ಅದಕ್ಕೇ ಕೆಂಪು ಹೋಗಿ ಮುಖ ತಿಳಿಯಾಗುತ್ತದೆ. ಮೊಡವೆ ಹುಟ್ಟುವ ಜಾಗ ಮಾತ್ರ ಹಾಗೇ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆನ್ನೆ ಮೇಲೆ ಕೆಂಪು ಎಳೆ ಎಳೆಯಾಗಿ ರಕ್ತನಾಳ ಕಾಣುತ್ತವೆ, ಕೂದಲು ಹುಟ್ಟಬಹುದು. ಸಾಲದ್ದಕ್ಕೆ ಸ್ಟೀರಾಯ್ಡೇ ಮೊಡವೆ ತರಿಸುತ್ತದೆ.

ಇಂಥ ಟ್ಯೂಬ್ ಹಿಡಿದು ಬರುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಒಬ್ಬಾಕೆ ತಂದಿದ್ದ ಟ್ಯೂಬನ್ನು ಬುಡದಿಂದ ಕುತ್ತಿಗೆವರೆಗೆ ಸುರುಳಿ ಸುತ್ತಿದ್ದರು. ಅಕ್ಷರವೆಲ್ಲ ಬೆರಳಿಗೆ ಸವೆದು ಹೋಗಿತ್ತು. "ಇದು ಎಷ್ಟನೆಯದು?" ಅಂದೆ. ಲೆಕ್ಕ ಇಟ್ಟಿರಲಿಲ್ಲ. ಫ್ಯಾನ್ ಗಾಳಿ ತಾಗಿದರೂ ಮುಖ ಉರಿಯುತ್ತದೆ ಅಂದರು. ನೀವೂ ತುಂಬ ದಿನದಿಂದ ಹಚ್ಚುತ್ತಿದ್ದರೆ ಒಂದೇ ಸಲ ನಿಲ್ಲಿಸಿ ಮನೆಯಲ್ಲಿ ಒದ್ದಾಡಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ, ಟ್ಯೂಬ್ ಜೊತೆಗೇ ಒಯ್ಯಿರಿ.

ಈಗ ನೀವು ಬಿಟ್ಟ ಜೆಲ್ ವಿಷಯ. ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ಇವತ್ತಿನದಲ್ಲ. ಎಷ್ಟೋ ವಾರಗಳ ಹಿಂದೆ, ಏನೂ ಕಾಣದಿದ್ದಾಗಲೇ, ರಂಧ್ರದ ಬಾಯಿಗೆ ಸತ್ತ ಕೋಶಗಳು ಅಂಟಿಕೊಂಡು ಬಿರಡೆ ಹಾಕಿದಂತಾಗಿರುತ್ತದೆ. ಒಳಗೆ ಎಣ್ಣೆ ತುಂಬುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಆಮೇಲೆ ಊತ, ಕೀವು. ಅಡಾಪಲೀನ್ ಹೊಸ ಬಿರಡೆ ಕೂರದಂತೆ ತಡೆಯುತ್ತದೆ. ಒಳಗೆ ಆಗಲೇ ಸಿದ್ಧವಾಗಿದ್ದವು ಮೊದಲ ಕೆಲವು ವಾರ ಮೇಲೆ ಬರಬಹುದು. ಹೆಚ್ಚಿನವರು ಅಲ್ಲೇ ಹೆದರಿ ಬಿಡುತ್ತಾರೆ. 12 ವಾರ ಆಗದೆ ಕೆಲಸ ಮಾಡಲಿಲ್ಲ ಅನ್ನಬೇಡಿ.

ಚರ್ಮ ಸುಲಿದಿದ್ದು ಬಹುಶಃ ಜಾಸ್ತಿ ಹಚ್ಚಿದ್ದಕ್ಕೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮೊಡವೆ ಇದ್ದಲ್ಲಿ ಮಾತ್ರ ಚುಕ್ಕಿ ಇಟ್ಟರೆ ಪ್ರಯೋಜನವಿಲ್ಲ, ನಾಳೆಯದು ಪಕ್ಕದಲ್ಲಿ ಹುಟ್ಟುತ್ತಿರುತ್ತದೆ ಅಲ್ವಾ? ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಿ. ಶುರುವಿನಲ್ಲಿ ರಾತ್ರಿ ಬಿಟ್ಟು ರಾತ್ರಿ, ಮೇಲೆ ಮಾಯಿಶ್ಚರೈಸರ್. ಗರ್ಭಿಣಿಯಾದರೆ, ಆಗುವ ಯೋಚನೆ ಇದ್ದರೆ ಹಚ್ಚಬೇಡಿ, ಡಾಕ್ಟರಿಗೆ ಹೇಳಿ.

ಇನ್ನು ಉಳಿದವು.

ಟೂತ್‌ಪೇಸ್ಟ್ ಹಚ್ಚಬಹುದಾ? ಹಲ್ಲಿಗೆ.

ನಿಂಬೆ ರಸ? ಉರಿ, ಕಪ್ಪು ಕಲೆ, ಎರಡೂ ಉಚಿತ.

ಬ್ಲ್ಯಾಕ್‌ಹೆಡ್ ಅಂದರೆ ಕೊಳೆ, ದಿನಕ್ಕೆ ಐದು ಸಲ ಮುಖ ತೊಳೆಯುತ್ತೇನೆ ಅಂದವರೇ, ಅದು ಕೊಳೆ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಗಾಳಿಗೆ ತೆರೆದುಕೊಂಡು ಕಪ್ಪಾಗಿರುವುದು. ಎರಡು ಸಲ ತೊಳೆದರೆ ಸಾಕು, ಉಜ್ಜಬೇಡಿ.

ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತಿಂದರೆ ಮುಂದೆ ಮಕ್ಕಳಾಗಲ್ವಂತೆ, ನಿಜವಾ ಅಂತ ಮೂವರು ಕೇಳಿದ್ದಾರೆ. ಸುಳ್ಳು. ಅಪಾಯ ಬೇರೆಯದು, ಅದು ತುಂಬ ದೊಡ್ಡದು: ಮಾತ್ರೆ ತಿನ್ನುವಾಗ ಗರ್ಭ ನಿಂತರೆ ಮಗುವಿಗೆ ತೀವ್ರ ಅಂಗದೋಷ ಬರಬಹುದು. ತಿನ್ನುವಷ್ಟು ದಿನ, ನಿಲ್ಲಿಸಿದ ಮೇಲೆ ಒಂದು ತಿಂಗಳು ಗರ್ಭ ನಿಲ್ಲಲೇಬಾರದು. ಅಕ್ಕನಿಗೆ ಬರೆದ ಚೀಟಿ ತೋರಿಸಿ ತಂಗಿ ಕೊಂಡು ತಿನ್ನುವ ಮಾತ್ರೆ ಅಲ್ಲ ಇದು. ನಾನಂತೂ ರಕ್ತಪರೀಕ್ಷೆ ಮಾಡಿಸದೆ ಬರೆಯುವುದಿಲ್ಲ.

36 ವರ್ಷಕ್ಕೂ ಮೊಡವೆನಾ? ಬರುತ್ತದೆ. ಜೊತೆಗೆ ಮುಟ್ಟು ಏರುಪೇರಾಗಿ, ಗದ್ದದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಕ್ರೀಮ್ ಹುಡುಕುವುದು ಬಿಟ್ಟು ಹಾರ್ಮೋನ್ ಪರೀಕ್ಷೆ ಮಾಡಿಸಿ.

ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ 10% ತಗೊಂಡರೆ ಬೇಗ ಗುಣವಾ? ಇಲ್ಲ, ಉರಿ ಮಾತ್ರ ಜಾಸ್ತಿ. 2.5% ಸಾಕು. ಹಚ್ಚುವ ದಿನಗಳಲ್ಲಿ ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ. ಬಣ್ಣದ್ದಾದರೆ ಅಲ್ಲಲ್ಲಿ ಬಣ್ಣ ಹೋಗುತ್ತದೆ. ಆಮೇಲೆ ನನಗೆ ಬೈಯಬೇಡಿ.